ಏನಿಲ್ಲ ಅಂದವರ ಚಾ

ಮಾಜಿ ಸೈನಿಕರ ಸಂಘದ ಮೆಟ್ಟಿಲು ಹತ್ತುತ್ತಿದ್ದ ಜಯಲತಾಳ ಕಾಲು ಅರ್ಧದಲ್ಲೇ ನಿಂತಿತು. ಮೇಲಿನಿಂದ ಹೊಡೆದಾಟದಂಥ ಗದ್ದಲ ಕೇಳಿಸುತ್ತಿತ್ತು. "ಒಳಗೆ ಜಗಳ ಆಗ್ತಾ ಉಂಟು ಮಾರಾಯ್ರೆ, ಹೋಗುವುದು ಬೇಡ" ಎಂದು ಗಂಡನ ಅಂಗಿ ಜಗ್ಗಿದಳು. ತಾರಾನಾಥರು ಕೈ ಬಿಡಿಸಿಕೊಂಡು ದಡದಡ ಮೇಲೆ ಹೋದರು. ಮನೆಯಲ್ಲಿ ಊಟಕ್ಕೆ ಏಳಬೇಕಾದರೆ ಮೂರು ಸಲ ಭುಜ ಅಲ್ಲಾಡಿಸಿಕೊಳ್ಳುವ ಮನುಷ್ಯ!

ಜಯಲತಾಳ ಕೈಯಲ್ಲಿ ಒಂದು ಲಕೋಟೆ ಇತ್ತು. ಮಗ ಸಮಿತ್ ಕಾಮೋಠೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದ. ಮುಂದಿನ ವಾರ ಎಲ್ಲರೂ ಠಾಕುರ್ಲಿಯ ಮನೆ ಬಿಟ್ಟು ಅಲ್ಲಿಗೆ. ಅಲ್ಲಿಂದ ಕಲ್ಯಾಣದ ಈ ಸಂಘಕ್ಕೆ ಬರಬೇಕಾದರೆ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕು, ಸಂಘ ಸೇರುವ ಭಾನುವಾರ ಹೋಗಿ ಬರುವುದರಲ್ಲೇ ಮುಗಿಯುತ್ತದೆ. ಪಿಂಚಣಿ ಹೇಗೂ ಬ್ಯಾಂಕಿಗೆ ಬೀಳುತ್ತದೆ. ಅಪ್ಪ ಬದುಕಿದ್ದಾರೆ ಎಂಬ ದಾಖಲೆಯನ್ನು ಸಮಿತ್ ವರ್ಷಕ್ಕೊಮ್ಮೆ ಮೊಬೈಲಿನಲ್ಲೇ ಕಳಿಸುತ್ತಾನೆ. ಮತ್ತೆ ಈ ಸದಸ್ಯತ್ವ ಕಟ್ಟಿಕೊಂಡು ಆಗಬೇಕಾದ್ದೇನು? ರಾಜೀನಾಮೆಯನ್ನು ಜಯಲತಾಳೇ ಬರೆದು ಗಂಡನ ಮುಂದಿಟ್ಟಿದ್ದಳು. ಅವರು ಎರಡೆರಡು ಸಲ ಓದಿ, ತುಟಿ ಪಿಟಿಕ್ಕೆನ್ನದೆ ಸಹಿ ಹಾಕಿದ್ದರು.

ಅವರು ತುಟಿ ಪಿಟಿಕ್ಕೆನ್ನುವುದನ್ನು ಬಿಟ್ಟು ನಾಲ್ಕು ವರ್ಷವೇ ಆಗಿತ್ತು. ಇಪ್ಪತ್ತು ವರ್ಷ ಫಿರಂಗಿಯ ಪಕ್ಕ ನಿಂತ ಕಿವಿ ಬರಬರುತ್ತ ಸೋತುಹೋಗಿತ್ತು. ಕಿವಿಗೆ ಯಂತ್ರ ಹಾಕಿದರೆ ಮಿಕ್ಸರಿನ ಸದ್ದೂ ಮನುಷ್ಯರ ಮಾತೂ ಒಂದೇ ಆಗುತ್ತದೆಂದು ಅದನ್ನು ಕಪಾಟಿಗೆ ಹಾಕಿದ್ದರು. ಮೊದಮೊದಲು "ಏನು?" ಎಂದು ಕೇಳುತ್ತಿದ್ದರು. ಸೊಸೆ ಸೌಜನ್ಯ "ಏನಿಲ್ಲ ಮಾವ" ಎನ್ನುತ್ತಿದ್ದಳು. ಸಮಿತ್ "ಕುಛ್ ನಹೀ ಪಪ್ಪಾ" ಎನ್ನುತ್ತಿದ್ದ. ಜಯಲತಾ ಒಗ್ಗರಣೆಯ ಮುಂದೆ ನಿಂತು, "ಏನಿಲ್ಲ ಬಿಡಿ." ಆಮೇಲೆ ಅವರು ಕೇಳುವುದನ್ನೂ ಬಿಟ್ಟರು. ವಯಸ್ಸಾಯಿತು, ಪಾಪ, ಮೌನಿಯಾದರು ಎಂದು ಜಯಲತಾ ತಿಳಿದಿದ್ದಳು.

ಸಂಘದ ಕೋಣೆಯಲ್ಲಿ ಜಗಳವೂ ಇಲ್ಲ, ಮಣ್ಣೂ ಇಲ್ಲ. ಹನ್ನೊಂದು ಮಂದಿ ಮುದುಕರು, ಹೆಚ್ಚಿನವರು ಫಿರಂಗಿ ದಳದವರೇ, ಸುಖದುಃಖ ಮಾತಾಡಿಕೊಳ್ಳುತ್ತಿದ್ದರು, ಅಷ್ಟೆ. ಮಾತಾಡುವವನು ಮೊದಲು ಮೇಜನ್ನು ಎರಡು ಸಲ ಕುಟ್ಟುತ್ತಿದ್ದ. ಎದುರಿನವನು ಇತ್ತ ಮುಖ ಮಾಡಿದ ಮೇಲೆ ಗಂಟಲೆತ್ತಿ ಮಾತಾಡುತ್ತಿದ್ದ. "ಕ್ಯಾ?" ಎಂದರೆ ಇನ್ನೊಮ್ಮೆ, ಮತ್ತೆ "ಕ್ಯಾ?" ಎಂದರೆ ಮತ್ತೊಮ್ಮೆ. ಯಾರಿಗೂ ಬೇಸರವಿಲ್ಲ, ಅವಸರವಿಲ್ಲ. ತಾರಾನಾಥರು ಟಕ್ ಟಕ್ ಎಂದು ಮೇಜು ಕುಟ್ಟಿ, ಹಿಮದ ಗುಡ್ಡದ ಮೇಲೆ ಒಂದು ಹೇಸರಗತ್ತೆ ತಮ್ಮ ಕಂಬಳಿಯನ್ನೇ ಮೇಯ್ದ ಕಥೆ ಶುರುಮಾಡಿದರು. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಆ ಹೇಸರಗತ್ತೆಯ ಸುದ್ದಿ ಜಯಲತಾಳಿಗೆ ಗೊತ್ತಿರಲಿಲ್ಲ. ಗಂಡ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು.

ಅಷ್ಟರಲ್ಲಿ ಕಾರ್ಯದರ್ಶಿ ಶೇಲಾರ್ ಅವಳ ಮುಂದಿನ ಮೇಜು ಕುಟ್ಟಿ, ಕೈಯಲ್ಲಿದ್ದ ಲಕೋಟೆಯತ್ತ ಬೆರಳು ತೋರಿಸಿದರು. "ಭಾಭೀಜಿ! ಹಾಥ್ ಮೇ ಕ್ಯಾ ಹೈ?"

ಜಯಲತಾ ಲಕೋಟೆಯನ್ನು ಸೆರಗಿನಡಿಗೆ ಸರಿಸಿದಳು. "ಕುಛ್ ನಹೀ, ಛೋಡಿಯೇ."

"ಕ್ಯಾ?"

"ಕುಛ್ ನಹೀ!"

ಹನ್ನೊಂದು ಮಂದಿಯೂ ಎದ್ದು ನಿಂತು ಒಂದೇ ಕಂಠದಲ್ಲಿ ಕೂಗಿದರು: "ಚಾಯ್!"

ಬೆಚ್ಚಿಬಿದ್ದ ಹೆಂಡತಿಯನ್ನು ನೋಡಿ ತಾರಾನಾಥರಿಗೆ ಮತ್ತೆ ನಗು ಉಕ್ಕಿತು. "ಇಲ್ಲಿಯ ಕಾನೂನು ಅದು ಜಯಾ. ಏನು ಅಂತ ಕೇಳಿದವನಿಗೆ ಏನಿಲ್ಲ ಬಿಡು ಅಂತ ಹೇಳ್ಲಿಕ್ಕಿಲ್ಲ. ಹೇಳಿದ್ರೆ ದಂಡ, ಎಲ್ಲರಿಗೂ ಚಾ."

"ಅಷ್ಟಕ್ಕೆಲ್ಲ ದಂಡವಾ?" ಅವಳು ಅವರತ್ತ ಬಾಗಿ ಕೇಳಿದಳು.

"ಅಷ್ಟೇ ಅಂತ ಕಾಣುವುದು ಹೇಳಿದವರಿಗೆ, ಕೇಳಿದವರಿಗಲ್ಲ" ಎಂದರು, ನಗುತ್ತಲೇ.

ಜಯಲತಾ ಪರ್ಸು ತೆಗೆದಳು. ಕೆಳಗಿನ ಅಂಗಡಿಯಿಂದ ಚಾ ತರಿಸಿದಳು, ಬೇಡವೆಂದರೂ ಜೊತೆಗೆ ಬಟಾಟೆ ವಡೆಯನ್ನೂ ತರಿಸಿದಳು. ಕಾನೂನು ಕಾನೂನೇ ಆದರೆ ನಾಲ್ಕು ವರ್ಷದ ದಂಡಕ್ಕೆ ಇಡೀ ಕಲ್ಯಾಣ ಪೇಟೆಗೆ ಚಾ ಕೊಟ್ಟರೂ ಸಾಲದು ಎನಿಸಿತು. ಲೋಟ ಹಂಚುವ ಮೊದಲು ಒಬ್ಬೊಬ್ಬರ ಮುಂದೆಯೂ ಮರೆಯದೆ ಎರಡು ಸಲ ಮೇಜು ಕುಟ್ಟಿದಳು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ತಾರಾನಾಥರು ಮತ್ತೆ ಮನೆಯ ತಾರಾನಾಥರಾಗಿದ್ದರು. ಹಳಿಯನ್ನೇ ನೋಡುತ್ತ ಕೇಳಿದರು: "ಕಾಗದ ಕೊಟ್ಟೆಯಾ?"

"ಇಲ್ಲ" ಎಂದಳು. ಅದೇ ಹೊತ್ತಿಗೆ ಒಂದು ಗೂಡ್ಸ್ ಗಾಡಿ ಧಡಧಡ ಹಾದುಹೋಯಿತು.

"ಏನು?"

ಏನಿಲ್ಲ ಬಿಡಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು. ಬೆಂಚನ್ನು ಎರಡು ಸಲ ಕುಟ್ಟಿದಳು. ಅವರು ಬೆರಗಾಗಿ ತಿರುಗಿದ ಮೇಲೆ, ಇದ್ದ ದನಿಯನ್ನೆಲ್ಲ ಎತ್ತಿ ಹೇಳಿದಳು:

"ಕೊಡ್ಲಿಲ್ಲ! ಹರಿದು ಹಾಕಿದೆ! ಕಾಮೋಠೆಯಿಂದ ಬೆಳಿಗ್ಗೆ ಬೇಗ ಹೊರಡುವ, ನಾನೂ ಬರ್ತೇನೆ!"

ಎದುರಿನ ಪ್ಲಾಟ್‌ಫಾರ್ಮಿನವರೂ ತಿರುಗಿ ನೋಡಿದರು. ತಾರಾನಾಥರಿಗೆ ಒಂದಕ್ಷರ ಬಿಡದೆ ಕೇಳಿಸಿತ್ತು. ಅರಳಿದ ಮುಖವೇ ಅದನ್ನು ಹೇಳುತ್ತಿತ್ತು. ಆದರೂ ಅವರು ಕಿವಿಯ ಹಿಂದೆ ಅಂಗೈ ಹಿಡಿದು, ಹೆಂಡತಿಯತ್ತ ಬಾಗಿ ಕೇಳಿದರು:

"ಏನು?"