ಇನ್ನೂರ ಹನ್ನೆರಡನೆಯ ಅಜ್ಜಿ

ಅಜ್ಜಿ ತೀರಿಕೊಂಡು ಏಳು ವರ್ಷವಾಗಿತ್ತು. ಆದರೂ ವರ್ಷಕ್ಕೊಮ್ಮೆ ತಪ್ಪದೆ ಬಂದು ಮ್ಯಾಮೊಗ್ರಾಮ್ ಮಾಡಿಸಿಕೊಂಡು ಹೋಗಿದ್ದಳು.

ಬೀಗ ಹಾಕಿದ ಮನೆಯ ಗೇಟಿನ ಎದುರು ನಿಂತು ಪರಿಶೀಲಕಿ ಕೈಯಲ್ಲಿದ್ದ ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು. ಕ್ರಮಸಂಖ್ಯೆ ಇನ್ನೂರ ಹನ್ನೆರಡು. ವಯಸ್ಸು ಎಪ್ಪತ್ತಾರು. ವಿಳಾಸ ಇದೇ.

"ಸರಿಯಾಗಿ ನೆನಪಿದೆಯಾ ನಿಮಗೆ?" ಎಂದು ಪಕ್ಕದ ಮನೆಯಾಕೆಯನ್ನು ಕೇಳಿದಳು.

"ಮರೆಯೋಕಾಗುತ್ತಾ? ಇದೇ ಎದೆ ಗಂಟಿನ ಕಾಯಿಲೆ. ನಿಮ್ಮ ಪರೀಕ್ಷೆಗೆ ಹೆಸರು ಬರೆಸಿದ್ದರು, ಸರದಿ ಬರೋ ಮೊದಲೇ ಹೋಗಿಬಿಟ್ಟರು. ಹೋದ ವರ್ಷ ಮನೆಯಲ್ಲಿದ್ದ ಮಗ ಸೊಸೆಯೂ ಯಾರಿಗೂ ಹೇಳದೆ ಖಾಲಿ ಮಾಡಿಕೊಂಡು ಹೋದರು."

ಪರಿಶೀಲಕಿ ಪಟ್ಟಿಯನ್ನು ಮಡಚಿಟ್ಟಳು. ಮೂರು ವಾರದಿಂದ ಕೇಂದ್ರದ ಲೆಕ್ಕದಲ್ಲಿ ಮೂಗಿಗೆ ಬಡಿಯುತ್ತಿದ್ದ ಮೋಸದ ವಾಸನೆಯ ಮೂಲ ಸಿಕ್ಕಿತ್ತು.

ಅರವತ್ತೈದು ದಾಟಿದ ಹೆಂಗಸರಿಗೆ ಈ ತಪಾಸಣೆಯಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ತಿಳಿಯಲು ಎಂಟು ವರ್ಷದಿಂದ ನಡೆದಿದ್ದ ಸಂಶೋಧನೆ ಅದು. ಹನ್ನೊಂದು ಕೇಂದ್ರಗಳು. ಉಳಿದ ಹತ್ತರಲ್ಲಿ ಅರ್ಧಕ್ಕರ್ಧ ಅಜ್ಜಿಯರು ನಡುವೆಯೇ ಬಿಟ್ಟಿದ್ದರು. ಮಂಡಿನೋವು, ಬೇಸರ, ಸಾವು. ಈ ಊರಿನ ಕೇಂದ್ರದಲ್ಲಿ ಮಾತ್ರ ಬಿಟ್ಟವರೇ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಅಂಕಿ ಕಂಡರೆ ಉಳಿದವರು ಬೆನ್ನು ತಟ್ಟುತ್ತಾರೆ. ಪರಿಶೀಲಕಿಯ ಹುಬ್ಬು ಗಂಟಿಕ್ಕುತ್ತದೆ. ಹೊರಡುವಾಗ ಮೇಲಧಿಕಾರಿ ಒಂದೇ ಮಾತು ಹೇಳಿದ್ದರು: ಒಂದು ಹೆಸರು ಸುಳ್ಳಾದರೂ ಆ ಕೇಂದ್ರದ ಅಷ್ಟೂ ಹೆಸರು ಕಿತ್ತುಹಾಕು.

ಯಂತ್ರ ನಡೆಸುತ್ತಿದ್ದವಳನ್ನು ಎಲ್ಲರೂ ಎಕ್ಸ್‌ರೇ ಅಕ್ಕ ಎನ್ನುತ್ತಿದ್ದರು. ಐವತ್ತು ತುಂಬದ ಹೆಂಗಸು. ಎದೆಯನ್ನು ಒತ್ತಿ ಹಿಡಿಯುವ ಯಂತ್ರದ ತಣ್ಣನೆಯ ತಟ್ಟೆಯನ್ನು ಅಂಗೈಯಿಂದ ಉಜ್ಜಿ ಬೆಚ್ಚಗಾಗಿಸಿ, "ಸ್ವಲ್ಪ ಉಸಿರು ಹಿಡೀರಿ ಅಜ್ಜಿ, ಮುಗಿದೇಹೋಯ್ತು" ಎನ್ನುವಳು. ಚಿತ್ರ ತೆಗೆಯುವುದಷ್ಟೇ ಅವಳ ಕೆಲಸ. ಓದುವವರು ದೂರದ ಕಚೇರಿಯ ಡಾಕ್ಟರು. ಎರಡು ದಿನ ಮೂಲೆಯಲ್ಲಿ ಕೂತು ಪರಿಶೀಲಕಿ ಇದನ್ನೆಲ್ಲ ನೋಡಿದ್ದಳು. ಆ ಅಕ್ಕರೆಯ ಮೇಲೂ ಅವಳಿಗೆ ಅನುಮಾನ ಬಂದಿತ್ತು.

ಇನ್ನೂರ ಹನ್ನೆರಡರ ಏಳೂ ಚಿತ್ರ ಊಟದ ಹೊತ್ತಿನವು. ಹೊರಬಾಗಿಲು ಮುಚ್ಚಿರುವ ಸಮಯ. ಕೇಂದ್ರದ ಗೇಟಿನ ಪುಸ್ತಕದಲ್ಲಿ ಯಾರೂ ಬಂದ ಗುರುತಿಲ್ಲ.

"ಆ ಹೊತ್ತಲ್ಲಿ ಒಳಗೆ ಯಾರು ಇರ್ತಾರೆ?" ಎಂದು ಕೇಂದ್ರದ ನೆಲ ಒರೆಸುತ್ತಿದ್ದ ಆಯಾಳನ್ನು ಕೇಳಿದಳು.

"ನಾನು, ಅಕ್ಕ. ಇನ್ಯಾರು ಇರ್ತಾರೆ ಮೇಡಂ?"

"ಮತ್ತೆ ಯಂತ್ರ ಯಾಕೆ ನಡೀತು?"

"ಅಕ್ಕ ಒತ್ತು ಅಂದರೆ ಗುಂಡಿ ಒತ್ತುತ್ತೀನಿ. ಅಷ್ಟೇ ನನಗೆ ಗೊತ್ತು." ಆಯಾ ಬಕೆಟ್ ಎತ್ತಿಕೊಂಡು ಅಲ್ಲಿಂದ ಜಾರಿಕೊಂಡಳು.

ಮಧ್ಯಾಹ್ನ ಪರಿಶೀಲಕಿ ಯಂತ್ರದ ಕೋಣೆಗೆ ಹೋಗಿ ಬಾಗಿಲು ಹಾಕಿದಳು. "ಇನ್ನೂರ ಹನ್ನೆರಡರ ಮನೆಗೆ ಹೋಗಿದ್ದೆ."

ಎಕ್ಸ್‌ರೇ ಅಕ್ಕ ತಟ್ಟೆ ಒರೆಸುತ್ತಿದ್ದಳು. ಕೈ ನಿಲ್ಲಲಿಲ್ಲ. "ಹಾಗಾದರೆ ಗೊತ್ತಾಗಿದೆ."

"ಸತ್ತವರ ಹೆಸರಲ್ಲಿ ಏಳು ವರ್ಷ."

"ಹೌದು ಮೇಡಂ. ಸುಳ್ಳು ಅಂತಲೇ ಬರೆದುಕೊಳ್ಳಿ. ಆ ಒಂದು ಹೆಸರು ಹೊಡೆದುಹಾಕಿ, ನನ್ನ ಕೆಲಸ ಹೋದರೂ ಸರಿ. ಉಳಿದ ಅಜ್ಜಿಯರೆಲ್ಲ ನಿಜ. ಬೇಕಾದರೆ ಮನೆಮನೆಗೂ ಹೋಗಿ ನೋಡಿ. ಅವರ ಎಂಟು ವರ್ಷ ಮಣ್ಣುಪಾಲು ಮಾಡಬೇಡಿ."

ಅಳು, ನೆಪ, ಕಾಲಿಗೆ ಬೀಳುವುದು, ಇಷ್ಟನ್ನು ಪರಿಶೀಲಕಿ ಎದುರುನೋಡಿದ್ದಳು. ಇಷ್ಟು ಸಲೀಸಾಗಿ ಒಪ್ಪಿಕೊಂಡವರು ಇದಕ್ಕಿಂತ ದೊಡ್ಡದನ್ನು ಬಚ್ಚಿಟ್ಟಿರುತ್ತಾರೆ ಎಂದುಕೊಂಡಳು.

"ಹೆಸರು ಹೊಡೆದುಹಾಕ್ತೀನಿ. ಚಿತ್ರಗಳು ಯಾರವು? ಬೇರೆ ಯಾರದೋ ನಕಲು ಇರಬೇಕು ಅಂತ ಕೇಂದ್ರದ ಅಷ್ಟೂ ಚಿತ್ರದ ಜೊತೆ ಹೋಲಿಸಿದೆ. ಒಂದಕ್ಕೂ ತಾಳೆ ಆಗಲ್ಲ. ಡಾಕ್ಟರು ಬೇರೆ ಪ್ರತಿಸಲ ಬರೆದಿದ್ದಾರೆ, ಈ ವಯಸ್ಸಲ್ಲಿ ಸ್ತನ ಚಿಕ್ಕ ವಯಸ್ಸಿನವರ ಹಾಗೆ ಇಷ್ಟು ದಟ್ಟವಾಗಿರೋದು ಅಪರೂಪ ಅಂತ."

"ಅದೆಲ್ಲ ಈಗ ಯಾಕೆ ಮೇಡಂ?" ಅಕ್ಕ ಮುಖ ತಿರುಗಿಸಿದಳು. "ಅವರಿಗೆ ಏನೂ ಇಲ್ಲವಲ್ಲ. ಏನಾದರೂ ಇದ್ದಿದ್ದರೆ ಮನೆಗೆ ಕಾಗದ ಬರ್ತಿತ್ತು."

"ಬಂದಿದೆ."

ತಟ್ಟೆ ಒರೆಸುತ್ತಿದ್ದ ಕೈ ನಿಂತಿತು.

"ಒಂದಲ್ಲ, ಮೂರು ಸಲ," ಎಂದು ಪರಿಶೀಲಕಿ ಚೀಲದಿಂದ ಮೂರು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. "ಬೀಗ ಹಾಕಿದ ಮನೆ ಅಂತ ಮೂರೂ ವಾಪಸ್ ಬಂದಿವೆ. ಎಡಗಡೆ ಒಂದು ಗಂಟು. ನಾಲ್ಕು ತಿಂಗಳಾಯ್ತು. ತಡ ಮಾಡಬೇಡಿ ಅಂತ ಡಾಕ್ಟರು ಕೆಂಪಲ್ಲಿ ಬರೆದಿದ್ದಾರೆ. ನಿಮ್ಮ ಸುಳ್ಳು ನಿಮಗಿರಲಿ, ಎಲ್ಲೋ ಒಬ್ಬ ಹೆಂಗಸು ಏನೂ ಗೊತ್ತಿಲ್ಲದೆ ಓಡಾಡಿಕೊಂಡಿದ್ದಾಳೆ. ಯಾರವಳು? ಅದನ್ನಾದರೂ ಬಾಯಿಬಿಡಿ."

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಿಯರು ಏನನ್ನೋ ಹೇಳಿಕೊಂಡು ನಗುತ್ತಿದ್ದರು. ಅಕ್ಕ ಲಕೋಟೆಗಳನ್ನು ಕೈಗೆತ್ತಿಕೊಂಡಳು. ಒಡೆಯಲಿಲ್ಲ. ಅವರೆಲ್ಲ ಬಂದು ಕೂರುವ ಸ್ಟೂಲನ್ನು ತಡಕಿ, ಎಳೆದುಕೊಂಡು, ಕೂತಳು.

"ಅಮ್ಮ ಹೋದಾಗ ನನಗೆ ಮೂವತ್ತೆಂಟು. ಅಷ್ಟು ಚಿಕ್ಕವರಿಗೆ ಈ ಚಿತ್ರ ತೆಗೆಯೋ ಹಾಗಿಲ್ಲ ಅಂದರು ಮೇಡಂ," ಎಂದಳು. "ಅದಕ್ಕೆ ಅಮ್ಮನ ಸರದಿಯಲ್ಲಿ ನಾನೇ ನಿಂತೆ."