ಮೇಲಿನಂತೆ

ಬೆಳಗಾದರೆ ಎಲ್ಲರೂ ಆರೋಗ್ಯಕ್ಕೆಂದು ಒಂದು ಚಿಟಿಕೆ ನ್ಯಾನೋ ಪುಡಿಯನ್ನು ನಶ್ಯದಂತೆ ಮೂಗಿಗೇರಿಸಿಯೇ ಮನೆ ಬಿಡುತ್ತಿದ್ದರು. ಸುರಕ್ಷಿತ ಪುಡಿ ಯಾವುದೆಂದು ಪ್ರಯೋಗಾಲಯಗಳ ದಾಖಲೆಯಲ್ಲಿ ನೋಡಿ, ಮನೆಯ ಯಂತ್ರವೇ ಅದನ್ನು ತಯಾರಿಸಿ ಕೊಡುತ್ತಿತ್ತು. ನಿನ್ನೆ ರಾತ್ರಿ ಎಲ್ಲ ಪ್ರಯೋಗಾಲಯಗಳ ದಾಖಲೆಯನ್ನೂ ಕಣದ ಗಾತ್ರಕ್ಕೆ ತಕ್ಕಂತೆ ಒಂದೇ ಪಟ್ಟಿಯಾಗಿ ಜೋಡಿಸಲಾಗಿತ್ತು.

ಧಾರವಾಡದ ಒಂದು ಪ್ರಯೋಗಾಲಯದ ಗುಮಾಸ್ತೆ ನೀಲಾಂಬಿಕಾಳಿಗೆ ಅಧಿಕಾರಿ ಆ ಪಟ್ಟಿ ತೋರಿಸಿದರು.

"ಅಕ್ಕಾರ, ಇಲ್ಲಿ 'ಮೇಲಿನಂತೆ' ಅಂತ ಬರದವರು ನೀವನ?"

"ಹೌದ್ರಿ ಸರ್. ನಮ್ಮ ಪಟ್ಟಿ ಬರೇ ವಿಷದ ಪುಡಿಗಳದ್ದು. ಮೊದಲನೇದಕ್ಕ 'ವಿಷ' ಅಂತ ಬರದು, ಉಳಿದ ನಲವತ್ತಕ್ಕೂ 'ಮೇಲಿನಂತೆ' ಅಂತ ಹಾಕೇನ್ರಿ."

"ಈಗ ಅವುಗಳ ಮೇಲ ಏನೈತಿ, ಓದ್ರಿ."

ಪ್ರತಿ 'ಮೇಲಿನಂತೆ'ಯ ಮೇಲೂ ಬೇರೆ ಊರಿನ ಪುಡಿಯೊಂದು ಬಂದು ಕೂತಿತ್ತು: 'ಸುರಕ್ಷಿತ'.

ನೀಲಾಂಬಿಕಾಳ ಕೈ ತನ್ನ ಮೂಗಿಗೆ ಹೋಯಿತು. ಕಿಟಕಿಯಾಚೆ ಬೀದಿಗೆ ಬೀದಿಯೇ ಕೆಮ್ಮುತ್ತಿತ್ತು.