ದುರಸ್ತಿ ಸಾಧ್ಯವೇ?

ಸುತ್ತಿಗೆಯ ಮೂತಿಗೆ ಮೆತ್ತಿದ್ದ ರಕ್ತ ಇನ್ನೂ ಒಣಗಿರಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಕರವಸ್ತ್ರದಲ್ಲಿ ಹಿಡಿದೆತ್ತಿ ಮೂಸಿದ.

"ಸ್ಪಿರಿಟ್ ವಾಸನೆ. ಬೆರಳಚ್ಚು ಒರೆಸೋಕೆ ನೋಡಿದ್ದಾನೆ, ಕಿಲಾಡಿ."

ಡೀನ್ ಮುಖ ತಿರುಗಿಸಿದರು. ವಿಜ್ಞಾನ ವಿಭಾಗದ ವರ್ಕ್‌ಶಾಪಿನ ಕಬ್ಬಿಣದ ದಿಮ್ಮಿಯ ಮೇಲೆ ಒಂದು ಉಗುರು ಹಾಗೇ ಅಂಟಿಕೊಂಡಿತ್ತು. ಒಂದು ಗಂಟೆಯ ಹಿಂದೆ, ಹಾಡಹಗಲಲ್ಲಿ, ಯಂತ್ರ ರಿಪೇರಿಯ ಮೇಸ್ತ್ರಿಯ ಬಲಗೈ ಬೆರಳುಗಳನ್ನು ಇದರ ಮೇಲೆಯೇ ಜಜ್ಜಿದ್ದರು. ಲೇತ್ ಯಂತ್ರ ಓಡುತ್ತಲೇ ಇದ್ದುದರಿಂದ ಕೂಗು ಯಾರಿಗೂ ಕೇಳಿರಲಿಲ್ಲ. ಪ್ರಥಮ ಚಿಕಿತ್ಸೆಯ ಡಬ್ಬಿ ಬಾಯಿ ತೆರೆದು ಕೂತಿತ್ತು. ಅದರಲ್ಲಿದ್ದ ಹತ್ತಿ, ಬಟ್ಟೆಯನ್ನು ಸುತ್ತಿಕೊಂಡು ಮೇಸ್ತ್ರಿ ತಾವೇ ಗೇಟಿನವರೆಗೆ ನಡೆದು ಬಂದು ಬಿದ್ದಿದ್ದರು.

"ಗೋಡೆಗೆ ರಕ್ತ ಚಿಮ್ಮಿರೋದು ನೋಡಿ ಮೇಡಂ. ಹೊಡೆದವನು ಎಡಚ."

ಡೀನ್ ಥಟ್ಟನೆ ಬಾಗಿಲ ಕಡೆ ನೋಡಿದರು. ವಿಭಾಗದಲ್ಲಿ ಎಡಗೈಯಲ್ಲಿ ಬರೆಯುವವನು ಒಬ್ಬನೇ: ಎಲ್ಲರೂ ಸಿಡಿಮದ್ದು ಎಂದು ಕರೆಯುವ ತರುಣ ಪ್ರಾಧ್ಯಾಪಕ.

ದೇವರು ಕೆಲವರಿಗೆ ಬುದ್ಧಿಯನ್ನು ತಲೆಯಲ್ಲಿಡುತ್ತಾನೆ. ಮೇಸ್ತ್ರಿಗೆ ಬೆರಳ ತುದಿಯಲ್ಲಿಟ್ಟಿದ್ದ. ಸಂಶೋಧನೆ ಬೆಳೆಸಿ ಎಂದು ಮೇಲಿನವರು ವರ್ಷವರ್ಷವೂ ಹೇಳುತ್ತಿದ್ದರು. ಕೈ ಮಾತ್ರ ಬಿಚ್ಚುತ್ತಿರಲಿಲ್ಲ. ಮುದಿ ಯಂತ್ರಗಳ ಉಸಿರು ಹಿಡಿದಿಟ್ಟವರು ಮೇಸ್ತ್ರಿ. ಮಿತವ್ಯಯದ ಕೊಡಲಿಗೆ ವರ್ಕ್‌ಶಾಪಿನ ಉಳಿದ ಹುದ್ದೆಗಳೆಲ್ಲ ಉರುಳಿ, ಅವರೊಬ್ಬರೇ ಉಳಿದಿದ್ದರು.

ಕಳೆದ ತಿಂಗಳು, ರಕ್ತದ ಮಾದರಿಗಳನ್ನು ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಹಳೆಯ ಸೆಂಟ್ರಿಫ್ಯೂಜ್ ಓಡುತ್ತಿದ್ದಾಗಲೇ ಸಿಡಿಯಿತು. ಉಕ್ಕಿನ ಚೂರು ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಕಣ್ಣನ್ನು ಸೀಳಿಕೊಂಡು ಹೋಗಿ ಗೋಡೆಗೆ ನಾಟಿತು. ಆ ಹುಡುಗಿ ಸಿಡಿಮದ್ದುವಿನ ಶಿಷ್ಯೆ. ಅದರ ಹಿಂದಿನ ವಾರವಷ್ಟೇ ಯಂತ್ರವನ್ನು ದುರಸ್ತಿ ಮಾಡಿದವರು ಮೇಸ್ತ್ರಿ. ಅಂದಿನಿಂದ ಅವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಡೀನ್ ಹೊಸ ಯಂತ್ರ ಕೇಳಿ ಪತ್ರದ ಮೇಲೆ ಪತ್ರ ಬರೆದರು. ಉತ್ತರವಾಗಿ ಬಂದದ್ದು ಒಂದು ಫಾರಂ. ಅದರಲ್ಲಿ ಒಂದೇ ಪ್ರಶ್ನೆ: ವರ್ಕ್‌ಶಾಪಿನಲ್ಲಿ ದುರಸ್ತಿ ಸಾಧ್ಯವೇ? ಹೌದು, ಅಥವಾ ಇಲ್ಲ. ಕೆಳಗೆ ಮೇಸ್ತ್ರಿಯ ರುಜು. ಇಲ್ಲ ಎಂದರೆ ನಿಯಮದ ಪ್ರಕಾರ ಹೊಸದು ಕೊಡಲೇಬೇಕು.

ನಿನ್ನೆ ಎಲ್ಲರೆದುರು ಆ ಫಾರಂ ಮೇಜಿನ ಮೇಲಿತ್ತು.

"ಇಲ್ಲ ಅಂತ ಒಂದು ಗೀಟು ಎಳೀರಿ ಮೇಸ್ತ್ರಿ. ನಿಮ್ಮ ಗಂಟೇನು ಹೋಗುತ್ತೆ?" ಎಂದ ಸಿಡಿಮದ್ದು.

"ಸುಳ್ಳಿಗೆ ರುಜು ಹಾಕಲ್ಲಪ್ಪ. ಭಗವಂತ ನೋಡ್ತಿರ್ತಾನೆ. ಈ ಕೈ ಇರೋವರೆಗೂ ಅದು ತಿರುಗುತ್ತೆ. ಎಷ್ಟು ದಿನ ತಿರುಗುತ್ತೆ, ಇನ್ಯಾರ ಕಣ್ಣು ತೆಗೆಯುತ್ತೆ ಅಂತ ಅವರು ಕೇಳೇ ಇಲ್ವಲ್ಲ."

"ಹಾಗಾದ್ರೆ ಆ ಕೈಯನ್ನೇ ಮುರೀಬೇಕು! ಅಲ್ಲೀತನಕ ನಮ್ಮ ಮಕ್ಕಳು ಸಾಯ್ತಾನೇ ಇರಲಿ!"

ಮೇಸ್ತ್ರಿ ತಮ್ಮ ಅಂಗೈಯನ್ನೊಮ್ಮೆ ನೋಡಿಕೊಂಡು ಎದ್ದು ಹೋಗಿದ್ದರು.

ಇಂದು ಮಧ್ಯಾಹ್ನ ತನ್ನ ಕೋಣೆಯಲ್ಲಿ ಒಬ್ಬನೇ ಇದ್ದೆ ಎಂದ ಸಿಡಿಮದ್ದುವಿಗೆ ಸಾಕ್ಷಿ ಇರಲಿಲ್ಲ. ಕಾರಿಡಾರಿನಲ್ಲೇ ಇನ್‌ಸ್ಪೆಕ್ಟರ್ ಬಾರಿಸಿದ ಏಟಿಗೆ ಅವನ ತುಟಿ ಒಡೆಯಿತು, ಕನ್ನಡಕ ಚೂರಾಯಿತು.

"ಬಾಯಿ ಹರಿಬಿಟ್ಟೆ ನಿಜ ಮೇಡಂ, ಕೈ ಎತ್ತಲಿಲ್ಲ!" ಎಂದು ಅವನು ಕೂಗುತ್ತಿರುವಾಗಲೇ ಕುತ್ತಿಗೆ ಹಿಡಿದು ಜೀಪಿಗೆ ತಳ್ಳಿದರು.

ಆಸ್ಪತ್ರೆಯಲ್ಲಿ ಎರಡು ಬೆರಳು ಕತ್ತರಿಸಿಯಾಗಿತ್ತು. ಉಳಿದವು ಇನ್ನು ಮಡಚಲಾರವು ಎಂದರು ವೈದ್ಯರು. ಮೇಸ್ತ್ರಿಯ ಮುಖದಲ್ಲಿ ಮಾತ್ರ, ಪ್ರಾರ್ಥನೆ ಮುಗಿಸಿ ಎದ್ದವರ ಶಾಂತಿ.

"ಯಾರು ಹೊಡೆದಿದ್ದು, ಹೇಳಿಬಿಡಿ" ಎಂದರು ಡೀನ್.

"ಹೊಡೆದವನ ಮೇಲೆ ನನಗೆ ಸಿಟ್ಟಿಲ್ಲ ಮೇಡಂ. ಬಿಟ್ಟುಬಿಡಿ."

"ಸಿಡಿಮದ್ದು ತಾನೇ?"

"ಅಯ್ಯೋ, ಅವನಲ್ಲ! ಆ ಕೂಸನ್ನ ಯಾಕೆ ಹಿಡ್ಕೊಂಡು ಹೋದ್ರು?"

ಜೀವಮಾನದಲ್ಲಿ ಸುಳ್ಳಾಡದವರು, ಮಗನಂಥ ಹುಡುಗನನ್ನು ಉಳಿಸಲು ಮೊದಲ ಸುಳ್ಳು ಹೇಳುತ್ತಿದ್ದಾರೆ ಎನ್ನಿಸಿ ಡೀನ್ ಕಣ್ಣು ಒದ್ದೆಯಾಯಿತು.

"ಆ ಫಾರಂ ಇದೆಯಾ ಮೇಡಂ?"

ಚೀಲದಲ್ಲೇ ಇತ್ತು. ಮೇಸ್ತ್ರಿ ಎಡಗೈಯಲ್ಲಿ ಪೆನ್ನು ಹಿಡಿದು, ಇಲ್ಲ ಎಂಬುದರ ಮುಂದೆ ಗೀಟೆಳೆದು, ಸೊಟ್ಟಪಟ್ಟ ರುಜು ಹಾಕಿದರು. "ಈಗ ಇದು ನಿಜ" ಎಂದು ಕಣ್ಣು ಮುಚ್ಚಿದರು.

ಹೊರಗೆ ಇನ್‌ಸ್ಪೆಕ್ಟರ್ ದೂರು ಬರೆದು ಸಿದ್ಧವಾಗಿಟ್ಟಿದ್ದ. ಡೀನ್ ಸಹಿ ಹಾಕಿದರೆ ಸಾಕು, ಸಿಡಿಮದ್ದುವಿನ ಬಾಳು ಅಲ್ಲಿಗೆ ಮುಗಿಯುತ್ತಿತ್ತು. ಬೆಂಚಿನ ಮೇಲೆ ಮೇಸ್ತ್ರಿಯ ಹೆಂಡತಿ ಕೈಚೀಲ ಅವಚಿಕೊಂಡು ಕೂತಿದ್ದರು. ಆಗಷ್ಟೇ ಊರಾಚೆಯ ಮನೆಯಿಂದ ಬಂದವರು. ಅವರ ಮುಖ ನೋಡಲಾಗದೆ ಡೀನ್ ತಲೆ ತಗ್ಗಿಸಿದರು.

"ಕ್ಷಮಿಸಿ ಅಮ್ಮ. ಅವರ ಬಲಗೈ ಉಂಗುರ, ನಿಮ್ಮ ಮದುವೇದು... ವರ್ಕ್‌ಶಾಪೆಲ್ಲ ಜಾಲಾಡಿದೆ, ಸಿಗಲಿಲ್ಲ."

"ಅದನ್ನೂ ಕಿತ್ಕೊಂಡಿದ್ದಾನೆ. ಅದನ್ನೂ ಬರೆದುಕೊಳ್ತೀನಿ" ಎಂದ ಇನ್‌ಸ್ಪೆಕ್ಟರ್.

ಡೀನ್ ಪೆನ್ನು ತೆರೆದರು. ಹೆಂಗಸು ಏನೂ ತಿಳಿಯದವರಂತೆ ಇಬ್ಬರನ್ನೂ ನೋಡಿ, ಕೈಚೀಲದಿಂದ ಉಂಗುರ ತೆಗೆದು ಅಂಗೈಯಲ್ಲಿಟ್ಟು ಚಾಚಿದರು.

"ಯಾರೂ ಕಿತ್ಕೊಂಡಿಲ್ವಲ್ಲ ಸ್ವಾಮಿ; 'ಮಧ್ಯಾಹ್ನ ಬೆರಳು ಊದ್ಕೊಂಡ್ರೆ ಉಂಗುರ ಕತ್ತರಿಸಬೇಕಾಗುತ್ತೆ, ನಿನ್ನ ಹತ್ರಾನೇ ಇರಲಿ' ಅಂತ ಬೆಳಿಗ್ಗೆ ಹೊರಡೋವಾಗಲೇ ಸೋಪು ಹಚ್ಚಿ ತೆಗೆದು ಕೊಟ್ರು."